1:4 ಅಳತೆಯ ಪುಷ್ಪಕ್ ಕಟ್ಟುವುದು ಹೇಗೆ: ಬಾಲದಿಂದ ಶುರು ಮಾಡಿ

ರಿಮೋಟಿನಿಂದ ಹಾರಿಸುವ ದೊಡ್ಡ ಮಾದರಿ ವಿಮಾನ ಕಟ್ಟಲು ಹೊರಟವರು ನನಗೆ ಎರಡು ಸಲ ಫೋನ್ ಮಾಡುತ್ತಾರೆ. ಮೊದಲ ಸಲ, ಮರ ತಂದ ದಿನ. ಎರಡನೇ ಸಲ, ಆರೇಳು ತಿಂಗಳು ಕಳೆದ ಮೇಲೆ. "ಎಲ್ಲ ಆಯ್ತು ಸಾರ್, ಬಾಲ ಭಾರ ಆಗಿಬಿಟ್ಟಿದೆ. ಮೂಗಿಗೆ ಎಷ್ಟು ಸೀಸ ಹಾಕಲಿ?"

ಹೋಗಿ ನೋಡಿದರೆ ಕೈಕೆಲಸ ಚೆನ್ನಾಗಿಯೇ ಇರುತ್ತದೆ. ಕೆಲಸದ ಕ್ರಮ ತಪ್ಪಿರುತ್ತದೆ. ಬಾಡಿ ಮೊದಲು ಕಟ್ಟಿ, ರೆಕ್ಕೆ ಆಮೇಲೆ ಕಟ್ಟಿ, ಉಳಿದ ಮರದಲ್ಲಿ ಬಾಲ ಮಾಡಿ, ಬಣ್ಣ ಹೊಡೆದು, ಕೊನೆಗೆ ತೂಗಿ ನೋಡಿರುತ್ತಾರೆ. ನಾನೂ ಹಾಗೇ ಮಾಡಿದವನೇ. ನನ್ನ ಮೊದಲ ದೊಡ್ಡ ವಿಮಾನದ ಮೂಗಿನಲ್ಲಿ 900 ಗ್ರಾಂ ಸೀಸ ಇತ್ತು. ಅದು ಹಾರಿತು, ಆದರೆ ಇಳಿಯುವಾಗ ಇಟ್ಟಿಗೆ ಬಿದ್ದ ಹಾಗೆ ಇಳಿಯಿತು.

ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಜಾಗ. ಉದಾಹರಣೆಗೆ ಎಚ್‌ಎಎಲ್ ಬೆಂಗಳೂರಿನಲ್ಲಿ ಮಾಡಿದ ಪುಷ್ಪಕ್ ಎಂಬ ಸಣ್ಣ ವಿಮಾನ ತೆಗೆದುಕೊಂಡಿದ್ದೇನೆ. ಮೇಲ್ರೆಕ್ಕೆ, ಹೆಚ್ಚೂಕಡಿಮೆ ಉದ್ದಕ್ಕೂ ಒಂದೇ ಅಗಲದ ರೆಕ್ಕೆ, ಮಡಚದ ಕಾಲು. ಮೊದಲ ದೊಡ್ಡ ಮಾದರಿಗೆ ಇದಕ್ಕಿಂತ ಸುಲಭದ್ದು ಸಿಗುವುದು ಕಷ್ಟ. ಒಂದು ಮಾತು: ಒಂದೂವರೆ ಮೀಟರಿನ ಟ್ರೈನರ್, ಅಂದರೆ ಕಲಿಯುವವರ ಮಾದರಿಯನ್ನು ಯಾರ ಸಹಾಯವೂ ಇಲ್ಲದೆ ಹಾರಿಸಿ ಇಳಿಸಲು ಬಾರದಿದ್ದರೆ, ಇದನ್ನು ಈಗಲೇ ಕಟ್ಟಬೇಡಿ.

## ಮೊದಲು ಲೆಕ್ಕ

ನಿಜವಾದ ಪುಷ್ಪಕ್‌ನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ, ಅಂದರೆ 10.97 ಮೀಟರ್. ನಾಲ್ಕನೇ ಒಂದು ಅಳತೆಯಲ್ಲಿ 2.74 ಮೀಟರ್ ಆಗುತ್ತದೆ. ಉದ್ದ ಸುಮಾರು 1.6 ಮೀಟರ್. ರೆಕ್ಕೆಯ ಹರವು ಒಂದು ಚದರ ಮೀಟರಿಗಿಂತ ಕೂದಲೆಳೆ ಜಾಸ್ತಿ.

ಉದ್ದ ನಾಲ್ಕು ಪಟ್ಟು ಇಳಿದರೆ ಹರವು 16 ಪಟ್ಟು, ತೂಕ 64 ಪಟ್ಟು ಇಳಿಯಬೇಕು. ತುಂಬಿದ ಪುಷ್ಪಕ್ ಸುಮಾರು 610 ಕೆ.ಜಿ. ಅದನ್ನು 64ರಿಂದ ಭಾಗಿಸಿದರೆ ಒಂಬತ್ತೂವರೆ ಕೆ.ಜಿ. ಇದನ್ನು ಗುರಿ ಅಂದುಕೊಳ್ಳಬೇಡಿ, ಇದು ದಾಟಬಾರದ ಗೆರೆ. ನಮ್ಮ ಗುರಿ 6.7 ಕೆ.ಜಿ. ಅಷ್ಟಾದರೆ ಚದರ ಡೆಸಿಮೀಟರಿಗೆ 66 ಗ್ರಾಂ ಬೀಳುತ್ತದೆ. ಈ ಗಾತ್ರಕ್ಕೆ ಅದು ಹಗುರವೇ.

ಈ 6.7 ಕೆ.ಜಿ.ಯನ್ನು ಈಗಲೇ ಹಂಚಿ, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ:

- ಬಾಲ, ಬಟ್ಟೆ ಸೇರಿ: 350 ಗ್ರಾಂ
- ಎರಡೂ ರೆಕ್ಕೆ, ಸರ್ವೊ (ರೆಕ್ಕೆ, ಬಾಲದ ಆಡುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟರ್) ಸೇರಿ: 2,000 ಗ್ರಾಂ
- ಬಾಡಿ: 1,500 ಗ್ರಾಂ
- ಕಾಲು, ಚಕ್ರ, ಸ್ಟ್ರಟ್ (ರೆಕ್ಕೆಗೆ ಕೆಳಗಿನಿಂದ ಕೊಡುವ ಆಸರೆ ಕೋಲು): 550 ಗ್ರಾಂ
- ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), ಪ್ರೊಪೆಲ್ಲರ್, ಬ್ಯಾಟರಿ: 2,050 ಗ್ರಾಂ
- ರಿಸೀವರ್, ಅದರ ಬ್ಯಾಟರಿ, ಬಾಡಿಯ ಸರ್ವೊ: 250 ಗ್ರಾಂ

ಪ್ರತಿ ಭಾಗ ಮುಗಿದ ದಿನ ಅದರ ಪಕ್ಕದಲ್ಲೇ ನಿಜವಾದ ತೂಕ ಬರೆಯಿರಿ. ಇದೊಂದು ಅಭ್ಯಾಸ ಇದ್ದಿದ್ದರೆ ಆ ಎರಡನೇ ಫೋನ್‌ಗಳಲ್ಲಿ ಅರ್ಧ ಬರುತ್ತಲೇ ಇರಲಿಲ್ಲ.

ಇನ್ನು ಎರಡು ಅಳತೆ. ಮೊದಲನೆಯದು ನಿಮ್ಮ ಬಾಗಿಲು, ಮೆಟ್ಟಿಲಿನ ತಿರುವು, ಕಾರಿನ ಹಿಂಭಾಗ. ರೆಕ್ಕೆ ಎರಡು ತುಂಡಾಗಿರುತ್ತದೆ, ಒಂದೊಂದು ಒಂದೂಕಾಲು ಮೀಟರ್. ಸೀಟು ಮಡಚಿದರೆ ಸಣ್ಣ ಕಾರಿನಲ್ಲೂ ಹೋಗುತ್ತದೆ. ತೊಂದರೆ ಕೊಡುವುದು ಬಾಡಿ. ರಟ್ಟಿನಲ್ಲಿ ಅದೇ ಗಾತ್ರದ ಡಬ್ಬ ಮಾಡಿ, ಮನೆಯಿಂದ ಹೊರಗೆ ತಂದು ನೋಡಿ. ನಗು ಬರಬಹುದು, ಆದರೂ ಮಾಡಿ. ಎರಡನೆಯದು ಹಾರಿಸುವ ಜಾಗ. 2021ರ ಡ್ರೋನ್ ನಿಯಮಗಳು ಇಂಥ ಹವ್ಯಾಸಿ ಮಾದರಿಗಳನ್ನೂ ಒಳಗೊಳ್ಳುತ್ತವೆ. ಒಟ್ಟು ತೂಕ 25 ಕೆ.ಜಿ. ಮೀರಬಾರದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರೋ, ಹಳದಿಯೋ, ಕೆಂಪೋ ನೋಡಿ. ಬೆಂಗಳೂರಿನವರಿಗೆ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿಯ ವಿಮಾನ ನಿಲ್ದಾಣಗಳೆಲ್ಲ ಸುತ್ತುವರಿದಿವೆ. ಮರ ಕೊಳ್ಳುವ ಮೊದಲೇ ಮೈದಾನ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

## ಬೇಕಾದ ಸಾಮಾನು

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೊದಲು. ಆಮೇಲೆ ಕಟ್ಟರ್ ಮತ್ತು ರಾಶಿ ಬ್ಲೇಡು, ಸಣ್ಣ ಹಲ್ಲಿನ ಗರಗಸ, ಒಂದು ಮೀಟರಿನ ಸ್ಟೀಲ್ ಸ್ಕೇಲು, ಮೂಲೆಮಟ್ಟ, ರಸಮಟ್ಟ, ಗುಂಡುಪಿನ್ನು, ಬಟ್ಟೆ ಕ್ಲಿಪ್ಪು. ಅಲ್ಯೂಮಿನಿಯಂ ಪಟ್ಟಿಗೆ ಸ್ಯಾಂಡ್ ಪೇಪರ್ ಅಂಟಿಸಿದ ಒಂದು ಅಡಿ ಉದ್ದದ ತಿಕ್ಕುಪಟ್ಟಿಯೂ ಬೇಕು. ಬೆರಳಲ್ಲಿ ಪೇಪರ್ ಹಿಡಿದು ತಿಕ್ಕಿದರೆ ಅಂಚು ಅಲೆಅಲೆ ಆಗುತ್ತದೆ.

ಅಂಟು ಮೂರು ಥರ ಸಾಕು. ಮರಕ್ಕೆ ಮರ ಸೇರುವ ಕಡೆ ಫೆವಿಕಾಲ್. ಮೋಟರ್, ಕಾಲು, ರೆಕ್ಕೆಯ ಬುಡ ಇರುವ ಕಡೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ. ತಾತ್ಕಾಲಿಕ ಹಿಡಿತಕ್ಕೆ ಸಿಎ, ಅಂದರೆ ಸೂಪರ್ ಗ್ಲೂ. ಐದು ನಿಮಿಷದ ಎಪಾಕ್ಸಿಯನ್ನು ಭಾರ ಬೀಳುವ ಜಾಗಕ್ಕೆ ಹಾಕಬೇಡಿ. ಸಿಎ ಬಳಸುವಾಗ ಕಿಟಕಿ ತೆಗೆದಿಡಿ, ಕಣ್ಣಿಗೆ ಕನ್ನಡಕ ಇರಲಿ.

ಬಾಲ್ಸಾ, ಅಂದರೆ ತುಂಬ ಹಗುರವಾದ ಮರ, ಕೊಳ್ಳುವಾಗ ತಕ್ಕಡಿ ಜೊತೆಗೇ ಹೋಗಿ. 3 ಮಿ.ಮೀ. ದಪ್ಪ, 10 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ಹಾಳೆ ಒಂದು 36 ಗ್ರಾಂ ಇರಬಹುದು, ಪಕ್ಕದ್ದು 66 ಇರಬಹುದು. ನೋಡಲು ಎರಡೂ ಒಂದೇ. ಹಗುರವಾದದ್ದು ಬಾಲಕ್ಕೆ, ನಡುವಿನದ್ದು ರೆಕ್ಕೆಯ ಪಕ್ಕೆಲುಬುಗಳಾದ ರಿಬ್‌ಗೆ, ಭಾರದ್ದು ಬಾಡಿಯ ಮುಂಭಾಗಕ್ಕೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ ಬೇರೆ ಬೇರೆ ಇಡಿ. ಕಡ್ಡಿಗಳಿಗೆ ಗಂಟಿಲ್ಲದ, ಎಳೆ ನೇರ ಇರುವ ಪೈನ್ ಸಾಕು.

## ಹಂತ 1: ಮೇಜು

ಮೇಜು ಸೊಟ್ಟ ಇದ್ದರೆ ವಿಮಾನ ಸೊಟ್ಟ. ಹೊಸ ಫ್ಲಶ್ ಡೋರ್ ಒಂದನ್ನು ಕೊಂಡು ಎರಡು ಸ್ಟ್ಯಾಂಡ್ ಮೇಲೆ ಇಡಿ. ಇದಕ್ಕಿಂತ ಅಗ್ಗದ ಸಮತಟ್ಟು ಹಲಗೆ ನನಗೆ ಸಿಕ್ಕಿಲ್ಲ. ಉದ್ದಕ್ಕೆ, ಅಡ್ಡಕ್ಕೆ, ಎರಡು ಮೂಲೆಗಳ ನಡುವೆ, ಹೀಗೆ ಆರೇಳು ಕಡೆ ರಸಮಟ್ಟ ಇಟ್ಟು, ಕಾಲಿನ ಕೆಳಗೆ ರಟ್ಟು ಕೊಟ್ಟು ಸರಿಮಾಡಿ. ಮೇಲೆ ಗುಂಡುಪಿನ್ನು ಇಳಿಯುವಂಥ ಸಾಫ್ಟ್ ಬೋರ್ಡ್, ಅದರ ಮೇಲೆ ನಕ್ಷೆ, ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ.

ನಕ್ಷೆಯನ್ನು ಪ್ರಿಂಟ್ ಹಾಕಿಸಿದ ತಕ್ಷಣ ಅಳೆಯಿರಿ. ದೊಡ್ಡ ಪ್ರಿಂಟರ್‌ಗಳು ಮೀಟರಿಗೆ ಒಂದೆರಡು ಮಿ.ಮೀ. ಹಿಗ್ಗಿಸುವುದುಂಟು. ಎಡ ಬಲ ರೆಕ್ಕೆಗೆ ಬೇರೆ ಬೇರೆ ದಿನ ಪ್ರಿಂಟ್ ಹಾಕಿಸಬೇಡಿ.

## ಹಂತ 2: ಬಾಲ

ಇಲ್ಲಿಂದಲೇ ಯಾಕೆ ಶುರು? ವಿಮಾನ ಸಿ.ಜಿ.ಯಲ್ಲಿ, ಅಂದರೆ ಅದರ ಗುರುತ್ವ ಕೇಂದ್ರದಲ್ಲಿ, ತಕ್ಕಡಿ ಹಾಗೆ ತೂಗುತ್ತದೆ. ನಮ್ಮ ಪುಷ್ಪಕ್‌ನಲ್ಲಿ ಬಾಲ ಸಿ.ಜಿ.ಯಿಂದ ಸುಮಾರು ಒಂದು ಮೀಟರ್ ಹಿಂದಿದೆ, ಮೋಟರ್ ಮುಂದಕ್ಕೆ ಇರುವುದು ಬರೀ 35 ಸೆಂ.ಮೀ. ಹಾಗಾಗಿ ಬಾಲದಲ್ಲಿ ಒಂದು ಗ್ರಾಂ ಜಾಸ್ತಿಯಾದರೆ ಮೂಗಿನಲ್ಲಿ ಹತ್ತಿರ ಹತ್ತಿರ ಮೂರು ಗ್ರಾಂ ಬೇಕು. ನೂರು ಗ್ರಾಂ ತಪ್ಪಿದರೆ ಒಟ್ಟು ತೂಕ ನಾನೂರು ಗ್ರಾಂ ಏರಿತು! ಬಾಲ ಮೊದಲು ಮುಗಿದರೆ, ಮೂಗಿನ ಉದ್ದ ಮತ್ತು ಬ್ಯಾಟರಿಯ ಜಾಗವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಬಹುದು. ಬಾಲ ಕೈಕೊಟ್ಟರೂ ಹೋಗುವುದು ಎರಡು ವಾರದ ಕೆಲಸ ಅಷ್ಟೇ.

ಬಾಲದ ದುಂಡು ಅಂಚನ್ನು ಹಾಳೆಯಿಂದ ಕತ್ತರಿಸಿ ಜೋಡಿಸಬೇಡಿ. ಎಳೆ ಅಡ್ಡ ಬರುವ ಕಡೆ ಮುರಿಯುತ್ತದೆ, ಅಂತ ದಪ್ಪ ಮಾಡುತ್ತೀರಿ, ಆಗ ತೂಕ ಏರುತ್ತದೆ. ಹೀಗೆ ಮಾಡಿ: ದುಂಡಿನ ಒಳ ಆಕಾರಕ್ಕೆ ರಟ್ಟಿನ ಅಚ್ಚು ಕತ್ತರಿಸಿ, ಅಂಚಿಗೆ ಪ್ಲಾಸ್ಟಿಕ್ ಟೇಪ್ ಸುತ್ತಿ ಮೇಜಿಗೆ ಚುಚ್ಚಿ. 1.5 ಮಿ.ಮೀ. ಬಾಲ್ಸಾ ಪಟ್ಟಿ ನಾಲ್ಕೈದನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಒರೆಸಿ, ನಡುವೆ ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಸವರಿ, ಎಲ್ಲವನ್ನೂ ಒಟ್ಟಿಗೆ ಅಚ್ಚಿನ ಸುತ್ತ ಬಾಗಿಸಿ ಪಿನ್ನು ಹಾಕಿ. ಇಡೀ ಒಂದು ದಿನ ಮುಟ್ಟಬೇಡಿ. ಮಳೆಗಾಲದಲ್ಲಿ ಎರಡು ದಿನ ಬಿಡಿ. ಹಸಿ ಇರುವಾಗ ತೆಗೆದರೆ ಬಾಗಿದ್ದು ಮತ್ತೆ ಬಿಚ್ಚಿಕೊಳ್ಳುತ್ತದೆ.

ಒಳಗಿನ ಕಡ್ಡಿಗಳು ಹಗುರ ಬಾಲ್ಸಾ. ಹಿಂಜ್ ಕೂರುವ ಕಡೆ ಮತ್ತು ಕಂಟ್ರೋಲ್ ಹಾರ್ನ್ (ತಳ್ಳುಕೋಲು ಸಿಕ್ಕಿಸುವ ಪುಟ್ಟ ಕೊಂಬು) ಕೂರುವ ಕಡೆ ಮಾತ್ರ ಗಟ್ಟಿ ತುಂಡು ಇಡಿ. ಇವನ್ನು ಮರೆತು ಬಟ್ಟೆ ಹೊದಿಸಿ, ಆಮೇಲೆ ಬಟ್ಟೆ ಹರಿಯುವುದು ತುಂಬ ಸಾಮಾನ್ಯ.

ಎಚ್ಚರಿಕೆಯ ಸೂಚನೆ: ಬಟ್ಟೆ ಇಲ್ಲದೆ ಬಾಲದ ಎಲ್ಲ ಭಾಗ ಸೇರಿ 250 ಗ್ರಾಂ ದಾಟಿದರೆ ನಿಲ್ಲಿಸಿ. ತಿಕ್ಕಿ ಇಳಿಸಿ, ಅಥವಾ ಇನ್ನೊಮ್ಮೆ ಕಟ್ಟಿ.

## ಹಂತ 3: ರೆಕ್ಕೆ

ರೆಕ್ಕೆಯ ಅಡ್ಡಸೀಳಿನ ಆಕಾರಕ್ಕೆ ಕ್ಲಾರ್ಕ್ ವೈ ಎಂಬ ನಮೂನೆ ಸಾಕು. ತಳದ ಬಹುಭಾಗ ಚಪ್ಪಟೆ ಇರುವುದರಿಂದ ಮೇಜಿನ ಮೇಲೆ ಕೂತುಕೊಳ್ಳುತ್ತದೆ. ರಿಬ್‌ಗಳನ್ನು ಲೇಸರಿನಲ್ಲಿ ಕತ್ತರಿಸಿ ತರಬಹುದು. ಕೈಯಲ್ಲಿ ಮಾಡುವುದಾದರೆ ಪ್ಲೈವುಡ್‌ನ ಎರಡು ಅಚ್ಚು ಮಾಡಿ, ನಡುವೆ ಬಾಲ್ಸಾ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದು, ಒಟ್ಟಿಗೆ ತಿಕ್ಕಿ. 75 ಮಿ.ಮೀ.ಗೆ ಒಂದರಂತೆ ಒಂದು ಕಡೆಗೆ 17-18 ರಿಬ್ ಬೇಕಾಗುತ್ತವೆ.

ಕ್ರಮ ಹೀಗಿರಲಿ. ಕೆಳಗಿನ ಪೈನ್ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ಕಡ್ಡಿ) ಅನ್ನು ನಕ್ಷೆಯ ಮೇಲೆ ಪಿನ್ನು ಮಾಡಿ. ರಿಬ್‌ಗಳನ್ನು ಮೂಲೆಮಟ್ಟ ಹಿಡಿದು ನಿಲ್ಲಿಸಿ. ಮೇಲಿನ ಸ್ಪಾರ್, ಮುಂದಂಚು, ಹಿಂದಂಚು ಸೇರಿಸಿ. ಆಮೇಲೆ ಬುಡದ ರಿಬ್‌ಗಳಿಗೆ 25 ಮಿ.ಮೀ. ಅಲ್ಯೂಮಿನಿಯಂ ಕೊಳವೆಯ ಸಾಕೆಟ್ ಕೂರಿಸಿ. ಈ ಕೊಳವೆಯೇ ಎರಡು ರೆಕ್ಕೆಗಳನ್ನು ಬಾಡಿಗೆ ಸೇರಿಸುವುದು. ಎಡ ಬಲ ಎರಡನ್ನೂ ಕೊಳವೆಗೆ ಪೋಣಿಸಿ, ರೆಕ್ಕೆಗಳು ಸಮ ಇವೆ ಅಂತ ನೋಡಿ, ಆಮೇಲಷ್ಟೇ ಎಪಾಕ್ಸಿ ಹಾಕಿ.

ಎರಡು ಸ್ಪಾರ್‌ಗಳ ನಡುವೆ 2.5 ಮಿ.ಮೀ. ಬಾಲ್ಸಾ ತುಂಡುಗಳನ್ನು ತುಂಬಬೇಕು. ಇವುಗಳ ಎಳೆ ನಿಂತಿರಬೇಕು, ಮಲಗಿರಬಾರದು. ಹಾಳೆಯಿಂದ ಉದ್ದಕ್ಕೆ ಕತ್ತರಿಸುವುದು ಸುಲಭ ಅಂತ ಎಳೆ ಮಲಗಿಸಿ ಹಾಕಿದ ರೆಕ್ಕೆಗಳನ್ನು ನಾನು ನೋಡಿದ್ದೇನೆ. ನೋಡಿದ್ದು ಎರಡು ತುಂಡಾದ ಮೇಲೆ.

ಮುಂದಿನದು ವಾಶ್‌ಔಟ್, ಅಂದರೆ ರೆಕ್ಕೆಗೆ ಕೊಡುವ ಸಣ್ಣ ತಿರುಚು. ರೆಕ್ಕೆ ತುದಿಯ ಹಿಂದಂಚು ಬುಡಕ್ಕಿಂತ 2 ಡಿಗ್ರಿ ಮೇಲಿರಬೇಕು. ನಮ್ಮ 37 ಸೆಂ.ಮೀ. ಅಗಲದ ರೆಕ್ಕೆಗೆ ಅದು 13 ಮಿ.ಮೀ. ಹೀಗಿದ್ದರೆ ವೇಗ ಕಡಿಮೆಯಾದಾಗ ಮೊದಲು ಬುಡ ಸ್ಟಾಲ್ ಆಗುತ್ತದೆ (ಎತ್ತುವ ಬಲ ಕಳೆದುಕೊಳ್ಳುತ್ತದೆ), ತುದಿ ಇನ್ನೂ ಎತ್ತುತ್ತಿರುತ್ತದೆ, ಏಲೆರಾನ್ (ವಿಮಾನವನ್ನು ಎಡ ಬಲಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಕೈಗೆ ಸಿಗುತ್ತದೆ. ಇಲ್ಲದಿದ್ದರೆ ಒಂದು ರೆಕ್ಕೆ ಇದ್ದಕ್ಕಿದ್ದಂತೆ ಕುಸಿದು ವಿಮಾನ ಬುಗುರಿಯಾಗುತ್ತದೆ. ಇದು ಆಗುವುದು ಸಾಮಾನ್ಯವಾಗಿ ಇಳಿಯುವಾಗ, ಆಗ ಸರಿಮಾಡಲು ಎತ್ತರ ಇರುವುದಿಲ್ಲ.

ತುದಿಯ ಹಿಂದಂಚಿನ ಕೆಳಗೆ 13 ಮಿ.ಮೀ. ತುಂಡು ಇಡಿ. ಬುಡದ ಕಡೆಗೆ ಅದು ಸೊನ್ನೆಗೆ ಇಳಿಯಲಿ. ಹಾಗೇ ಪಿನ್ನು ಮಾಡಿ ಇಟ್ಟು ಸ್ಪಾರ್ ನಡುವಿನ ತುಂಡುಗಳನ್ನೂ ಮುಂದಂಚಿನ ಮೇಲಿನ ಹಾಳೆಯನ್ನೂ ಅಂಟಿಸಿ. ಕೆಳಗಿನ ಹಾಳೆ ಆಮೇಲೆ. ಮುಂಭಾಗ ಮುಚ್ಚಿ ಕೊಳವೆಯಂತೆ ಆಯಿತೋ, ತಿರುಚು ಅಲ್ಲೇ ನಿಂತುಬಿಡುತ್ತದೆ. ಮತ್ತೆ ಬದಲಿಸಲು ಆಗದು. ಸರ್ವೊ ವೈರಿಗೆ ಕಾಗದದ ಕೊಳವೆಯನ್ನು ಹಾಳೆ ಮುಚ್ಚುವ ಮೊದಲೇ ಹಾಕಿ. ಮರೆತರೆ ಆಮೇಲೆ ಕಡ್ಡಿಗೆ ದಾರ ಕಟ್ಟಿಕೊಂಡು ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ಎಚ್ಚರಿಕೆಯ ಸೂಚನೆ: ಎರಡೂ ರೆಕ್ಕೆ ಮುಗಿದ ಮೇಲೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ. ಎಡಕ್ಕೆ 13, ಬಲಕ್ಕೆ 12 ಇದ್ದರೆ ನಡೆಯುತ್ತದೆ. 13 ಮತ್ತು 6 ಆದರೆ ಬೇಡ. ತೂಕ 20-30 ಗ್ರಾಂ ವ್ಯತ್ಯಾಸ ಇರಲಿ ಬಿಡಿ, ಅದನ್ನು ತುದಿಗೆ ಮೊಳೆ ಸೇರಿಸಿ ಸರಿಮಾಡಬಹುದು.

## ಹಂತ 4: ಬಾಡಿ

ಉದ್ದದ ನಾಲ್ಕು ಕಡ್ಡಿಗಳನ್ನೂ ಒಂದೇ ಹಲಗೆಯಿಂದ ಸೀಳಿಸಿ. ಮೇಜಿನ ಅಂಚಿಗೆ ಅವನ್ನು ಹಿಡಿದು, ತುದಿಗೆ ಒಂದೇ ಭಾರ ತೂಗುಹಾಕಿ, ಎಷ್ಟು ಬಾಗುತ್ತವೆ ನೋಡಿ. ಒಂದೇ ಥರ ಬಾಗುವ ಎರಡೆರಡನ್ನು ಜೋಡಿ ಮಾಡಿ. ಒಂದು ಗಟ್ಟಿ, ಒಂದು ಮೆತ್ತಗೆ ಇದ್ದರೆ ಬಾಲದ ಕಡೆ ಎಳೆದು ಸೇರಿಸಿದಾಗ ಬಾಡಿ ಬಾಳೆಕಾಯಿ ಆಗುತ್ತದೆ.

ಒಂದು ಪಕ್ಕ ಕಟ್ಟಿ, ಅದನ್ನು ತೆಗೆಯದೆ ಮೇಲೆ ಪ್ಲಾಸ್ಟಿಕ್ ಹಾಸಿ, ಎರಡನೇ ಪಕ್ಕವನ್ನು ಅದರ ಮೇಲೇ ಕಟ್ಟಿ. ಆಮೇಲೆ ಎರಡನ್ನೂ ತಲೆಕೆಳಗಾಗಿ ಮೇಜಿನ ಮೇಲೆ ನಿಲ್ಲಿಸಿ. ಮೇಲ್ರೆಕ್ಕೆ ವಿಮಾನದಲ್ಲಿ ಕ್ಯಾಬಿನ್‌ನ ಮೇಲಂಚು ನೇರ ಇರುವುದರಿಂದ ಇದು ಚೆನ್ನಾಗಿ ಕೂರುತ್ತದೆ. ಮೊದಲು ಕ್ಯಾಬಿನ್ ಚೌಕ ಸೇರಿಸಿ, ಕರ್ಣ ಎರಡೂ ಅಳೆಯಿರಿ, ಒಂದು ಮಿ.ಮೀ. ಒಳಗೆ ಇರಬೇಕು. ಅದು ಒಣಗಿದ ಮೇಲೆ ಬಾಲದ ತುದಿ ಸೇರಿಸಿ. ಮೇಜಿನ ನಡುಗೆರೆಯ ಮೇಲೆ ದಾರ ಎಳೆದು, ಪ್ರತಿ ಅಡ್ಡಕಡ್ಡಿಯ ಮಧ್ಯ ದಾರಕ್ಕೆ ಬರುತ್ತದಾ ನೋಡಿ.

ಮೋಟರ್ ಕೂರುವ ಗೋಡೆಗೆ 6 ಮಿ.ಮೀ. ಬರ್ಚ್ ಪ್ಲೈ, ಎಪಾಕ್ಸಿ, ಮೂಲೆಗಳಲ್ಲಿ ತ್ರಿಕೋನ ತುಂಡು. ಮೋಟರ್ 2 ಡಿಗ್ರಿ ಬಲಕ್ಕೆ, 2 ಡಿಗ್ರಿ ಕೆಳಕ್ಕೆ ನೋಡುವಂತೆ ಕೂರಿಸಿ. ಗೋಡೆಯನ್ನು ಈಗ ತಾತ್ಕಾಲಿಕವಾಗಿ ಸ್ಕ್ರೂ ಮಾಡಿಡಿ, ಅಂಟಿಸಬೇಡಿ. ಯಾಕೆ ಅಂತ ಹಂತ 6ರಲ್ಲಿ ಗೊತ್ತಾಗುತ್ತದೆ.

## ಹಂತ 5: ಕಾಲು ಮತ್ತು ಸ್ಟ್ರಟ್

ಚಕ್ರದ ಅಚ್ಚು ರೆಕ್ಕೆಯ ಮುಂದಂಚಿನ ನೇರಕ್ಕೆ, ಅಥವಾ ಒಂದೆರಡು ಸೆಂ.ಮೀ. ಹಿಂದೆ ಬರಲಿ. ತುಂಬ ಹಿಂದೆ ಹೋದರೆ ಬ್ರೇಕ್ ಹಾಕಿದಂತೆ ಮೂಗು ನೆಲಕ್ಕೆ ಬಡಿಯುತ್ತದೆ. ತುಂಬ ಮುಂದೆ ಬಂದರೆ ಇಳಿಯುವಾಗ ಕಪ್ಪೆ ಹಾಗೆ ಕುಪ್ಪಳಿಸುತ್ತದೆ. 5 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತಂತಿ ಈ ತೂಕಕ್ಕೆ ಸರಿ.

ಪುಷ್ಪಕ್‌ನ ರೆಕ್ಕೆಯ ಕೆಳಗೆ ವಿ ಆಕಾರದ ಸ್ಟ್ರಟ್ ಇದೆ. ಅಂದಕ್ಕೆ ಸುಮ್ನೆ ಅಂಟಿಸಬೇಡಿ, ನಿಜವಾಗಿ ಭಾರ ಹೊರುವಂತೆ ಮಾಡಿ. ಅಲ್ಯೂಮಿನಿಯಂ ಕೊಳವೆ, ಎರಡೂ ತುದಿಗೆ ಲೋಹದ ಪಟ್ಟಿ, ಅದರಲ್ಲಿ ಎಂ4 ಬೋಲ್ಟ್. ಪಟ್ಟಿಯನ್ನು ಕೊಳವೆಗೆ ಅಂಟಿನಿಂದ ಮಾತ್ರ ಹಿಡಿಸಬಾರದು, ರಿವೆಟ್ ಬೇಕು. ರೆಕ್ಕೆಯಲ್ಲಿ ಅದು ಸೇರುವ ಜಾಗದ ಪ್ಲೈ ತುಂಡು ಸ್ಪಾರ್‌ಗೇ ಕೂತಿರಬೇಕು, ರಿಬ್‌ಗೆ ಅಲ್ಲ.

## ಹಂತ 6: ಬರಿಮೈ ತೂಕ

ಹೆಚ್ಚಿನವರು ಮಾಡದೆ ಬಿಟ್ಟುಬಿಡುವ ಹಂತ ಇದೇ. ಬಟ್ಟೆ ಹೊದಿಸುವ ಮೊದಲು ಇಡೀ ವಿಮಾನ ಜೋಡಿಸಿ. ಮೋಟರ್, ಸರ್ವೊ, ಚಕ್ರ, ಪ್ರೊಪೆಲ್ಲರ್, ಎಲ್ಲ ಟೇಪಿನಲ್ಲಿ ಅವುಗಳ ಜಾಗದಲ್ಲಿ ಹಿಡಿಸಿ. ಪ್ರತಿ ಭಾಗಕ್ಕೆ ಬೇಕಾಗುವ ಬಟ್ಟೆಯನ್ನೂ ಕತ್ತರಿಸಿ, ಮಡಚಿ ಅಲ್ಲಲ್ಲೇ ಇಡಿ. ಬಟ್ಟೆಗೂ ತೂಕ ಇದೆ ಅಲ್ವಾ?

ವಿದ್ಯುತ್ ಮೋಟರ್ ಹಾಕುವುದಾದರೆ ಸುಮಾರು 1,500 ವಾಟ್ ಸಾಕು. 8 ಸೆಲ್‌ನ 5,000 ಎಂಎಎಚ್ ಲಿಪೊ ಬ್ಯಾಟರಿ, 200ರಿಂದ 250 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತು) ಮೋಟರ್, 20 ಇಂಚಿನ ಪ್ರೊಪೆಲ್ಲರ್. ಎಂಟರಿಂದ ಹತ್ತು ನಿಮಿಷ ಹಾರುತ್ತದೆ. ಪೆಟ್ರೋಲ್ ಇಷ್ಟಪಡುವವರಿಗೆ 30-35 ಸಿಸಿ. ಮೊದಲ ಸಲಕ್ಕೆ ನಾನು ವಿದ್ಯುತ್ ಹಾಕಿ ಅನ್ನುತ್ತೇನೆ: ನಡುಕ ಇಲ್ಲ, ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಬಹುದು.

ಸಿ.ಜಿ. ರೆಕ್ಕೆಯ ಅಗಲದ 25ರಿಂದ 30 ಪರ್ಸೆಂಟ್ ನಡುವೆ, ಅಂದರೆ ಮುಂದಂಚಿನಿಂದ 9.3ರಿಂದ 11.1 ಸೆಂ.ಮೀ. ಮೊದಲ ಹಾರಾಟಕ್ಕೆ 10 ಸೆಂ.ಮೀ. ಇಟ್ಟುಕೊಳ್ಳಿ. ಆ ಗುರುತಿನಲ್ಲಿ ಇಬ್ಬರು ಬೆರಳ ಮೇಲೆ ಎತ್ತಿ. ಬಾಲ ಇಳಿದರೆ ಮೊದಲು ಬ್ಯಾಟರಿ ಮುಂದೆ ತಳ್ಳಿ. ಸಾಲದಿದ್ದರೆ ಮೋಟರಿನ ಗೋಡೆಯನ್ನೇ ಒಂದೆರಡು ಸೆಂ.ಮೀ. ಮುಂದೆ ತನ್ನಿ. ಅದಕ್ಕೇ ಅಂಟಿಸಬೇಡಿ ಅಂದದ್ದು. ಅಳತೆ ಅಷ್ಟು ತಪ್ಪಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಭಾಗ) ಸರ್ವೊಗಳನ್ನು ಬಾಲದಲ್ಲಿ ಇಡುವ ಆಸೆ ಬೇಡ. 60 ಗ್ರಾಂನ ಎರಡು ಸರ್ವೊ ಅಲ್ಲಿ ಕೂತರೆ ಮೂಗಿಗೆ 350 ಗ್ರಾಂ ಬೇಕು. ಕ್ಯಾಬಿನ್ ಹಿಂದೆ ಇಟ್ಟು, ಕಾರ್ಬನ್ ಕೊಳವೆಯ ತಳ್ಳುಕೋಲು ಹಾಕಿ. ಮೂಗನ್ನು ಎಡ ಬಲಕ್ಕೆ ತಿರುಗಿಸುವ ರಡ್ಡರ್‌ಗೆ ಎರಡು ಕಡೆಯಿಂದ ಎಳೆಯುವ ತಂತಿ ಸಾಕು.

ಇದೇ ಸ್ಥಿತಿಯಲ್ಲಿ ಇನ್ನೊಂದು ಪರೀಕ್ಷೆ. ಇಬ್ಬರು ಎರಡು ರೆಕ್ಕೆ ತುದಿ ಹಿಡಿದು ವಿಮಾನವನ್ನು ನಿಧಾನ ಎತ್ತಿ. ಸುಮ್ಮನೆ ನೇರ ಹಾರುವಾಗ ಬೀಳುವುದಕ್ಕಿಂತ ಸುಮಾರು ಎರಡು ಪಟ್ಟು ಹೊರೆ ಬುಡಕ್ಕೆ ಬೀಳುತ್ತದೆ. ಟಿಕ್ ಅನ್ನುವ ಸದ್ದು ಬಂದರೆ ಇಳಿಸಿ, ಎಲ್ಲಿಂದ ಬಂತು ಹುಡುಕಿ. ಈಗ ಮರ ಕಣ್ಣಿಗೆ ಕಾಣುತ್ತಿದೆ, ನಾಳೆ ಬಟ್ಟೆಯೊಳಗೆ ಹೋಗುತ್ತದೆ.

## ಹಂತ 7: ಬಟ್ಟೆ

ಇಸ್ತ್ರಿಯಿಂದ ಅಂಟುವ ಪಾಲಿಯೆಸ್ಟರ್ ಬಟ್ಟೆ ಈ ವಿಮಾನಕ್ಕೆ ಒಪ್ಪುತ್ತದೆ. ಮೊದಲು ಮಿಕ್ಕ ಮರದ ಚೌಕಟ್ಟಿನ ಮೇಲೆ ಬಿಸಿ ಎಷ್ಟು ಬೇಕು ಅಂತ ನೋಡಿಕೊಳ್ಳಿ. ಅಂಚುಗಳನ್ನು ಮೊದಲು ಹಿಡಿಸಿ, ಎದುರು ಬದುರು ಎಳೆಯಿರಿ, ಕುಗ್ಗಿಸುವುದು ಕೊನೆಗೆ. ಬಾಲದ ಒಂದು ಮೈ ಪೂರ್ತಿ ಬಿಗಿಸಿ ಆಮೇಲೆ ಇನ್ನೊಂದಕ್ಕೆ ಹೋದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎರಡೂ ಮೈಗೆ ಸ್ವಲ್ಪ ಸ್ವಲ್ಪವೇ ಬಿಸಿ ಕೊಡಿ. ಬಣ್ಣ ತೆಳುವಾಗಿರಲಿ, ಬಾಲಕ್ಕೆ ಇನ್ನೂ ತೆಳುವಾಗಿರಲಿ.

## ಹಂತ 8: ನೆಲದ ಪರೀಕ್ಷೆ

ಸರ್ವೊಗಳು ಲೋಹದ ಗೇರಿನವು, 10 ಕೆ.ಜಿ.-ಸೆಂ.ಮೀ.ಗೆ ಕಡಿಮೆ ಬೇಡ. ಎಲಿವೇಟರ್ 12 ಡಿಗ್ರಿ, ಏಲೆರಾನ್ 15, ರಡ್ಡರ್ 25ರಿಂದ ಶುರು ಮಾಡಿ. ಏಲೆರಾನ್ ಕೆಳಗೆ ಬರುವುದು ಮೇಲೆ ಹೋಗುವುದರ ಅರ್ಧ ಇರಲಿ.

ಎಲಿವೇಟರ್ ಹಿಡಿದು ಅಲುಗಿಸಿ. ಒಂದು ಮಿ.ಮೀ.ಗಿಂತ ಜಾಸ್ತಿ ಸಡಿಲ ಇದ್ದರೆ ಹಾರಿಸಬೇಡಿ. ಈ ಸಡಿಲವೇ ಗಾಳಿಯಲ್ಲಿ ಫ್ಲಟರ್ ಆಗಿ, ಅಂಚು ಪಟಪಟ ಬಡಿದು, ಒಂದೆರಡು ಸೆಕೆಂಡಿನಲ್ಲಿ ಹಿಂಜ್ ಕಿತ್ತುಹೋಗುತ್ತದೆ. ಹಾರುವಾಗ ಗುಂಯ್ ಅನ್ನುವ ಹೊಸ ಸದ್ದು ಬಂದರೆ ತಕ್ಷಣ ಥ್ರಾಟಲ್ ಇಳಿಸಿ.

ರಿಸೀವರ್‌ಗೆ ಎರಡು ಬ್ಯಾಟರಿ, ಎರಡು ಸ್ವಿಚ್ಚು. ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟರ್ ನಿಲ್ಲುವಂತೆ ಫೇಲ್‌ಸೇಫ್ ಹಾಕಿ, ಪ್ರೊಪೆಲ್ಲರ್ ಬಿಚ್ಚಿಟ್ಟು ಪರೀಕ್ಷಿಸಿ. ರೇಂಜ್ ಚೆಕ್ಕನ್ನು (ಸಿಗ್ನಲ್ ಎಷ್ಟು ದೂರ ತಲುಪುತ್ತದೆ ಅನ್ನುವ ಪರೀಕ್ಷೆ) ಮೋಟರ್ ನಿಂತಿರುವಾಗ ಒಮ್ಮೆ, ಓಡುವಾಗ ಒಮ್ಮೆ ಮಾಡಿ. ಓಡುವಾಗ ಒಬ್ಬರು ಹಿಂದಿನಿಂದ ಬಾಲ ಹಿಡಿದಿರಬೇಕು. 20 ಇಂಚಿನ ಪ್ರೊಪೆಲ್ಲರ್ ಬೆರಳನ್ನು ಗಾಯ ಮಾಡುವುದಿಲ್ಲ, ತೆಗೆದುಬಿಡುತ್ತದೆ. ಅದರ ಮುಂದೆಯಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು.

## ಹಂತ 9: ಮೊದಲ ಹಾರಾಟ

ಬೆಳಗ್ಗೆ ಗಾಳಿ ಏಳುವ ಮುಂಚೆ ಹೋಗಿ. ಜೊತೆಗೆ ಒಬ್ಬರೇ ಸಾಕು. ನೆಂಟರಿಷ್ಟರನ್ನು ಎರಡನೇ ದಿನ ಕರೆಯಿರಿ. ಹತ್ತು ಜನ ಮೊಬೈಲ್ ಹಿಡಿದು ನಿಂತರೆ "ಇವತ್ತು ಬೇಡ" ಅನ್ನುವುದು ಕಷ್ಟವಾಗುತ್ತದೆ.

ಗಾಳಿಗೆ ಎದುರಾಗಿ, ಥ್ರಾಟಲ್ ನಿಧಾನವಾಗಿ ಏರಿಸಿ. ಎಡಕ್ಕೆ ಎಳೆಯುತ್ತದೆ, ಬಲ ರಡ್ಡರ್ ಕೊಟ್ಟು ನೇರ ಇಡಿ. ಬಾಲ ತಾನಾಗಿ ಏಳಲಿ. ಎದ್ದ ತಕ್ಷಣ ಕಡಿದಾಗಿ ಎಳೆಯಬೇಡಿ. ತಿರುಗಿಸುವಾಗ ಏಲೆರಾನ್ ಜೊತೆಗೆ ರಡ್ಡರ್ ಕೊಡಿ. ಇಂಥ ರೆಕ್ಕೆಗೆ ಬರೀ ಏಲೆರಾನ್ ಕೊಟ್ಟರೆ ಮೂಗು ಉಲ್ಟಾ ಕಡೆಗೆ ಜಾರುತ್ತದೆ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಥ್ರಾಟಲ್ ಇಳಿಸಿ, ಎಲಿವೇಟರ್ ನಿಧಾನ ಎಳೆದು, ಯಾವ ವೇಗದಲ್ಲಿ ಸ್ಟಾಲ್ ಆಗುತ್ತದೆ ನೋಡಿಕೊಳ್ಳಿ. ಅದಕ್ಕಿಂತ ಚೆನ್ನಾಗಿ ಜಾಸ್ತಿ ವೇಗದಲ್ಲಿ, ಸ್ವಲ್ಪ ಥ್ರಾಟಲ್ ಇಟ್ಟುಕೊಂಡೇ ಇಳಿಸಿ.

ಮೊದಲ ಸಲ ನಾಲ್ಕು ನಿಮಿಷ ಸಾಕು. ಇಳಿದ ಮೇಲೆ ಬ್ಯಾಟರಿ ಬಿಚ್ಚಿ. ಮೋಟರ್ ಮುಟ್ಟಿ ನೋಡಿ, ಸ್ಟ್ರಟ್‌ನ ಬೋಲ್ಟ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಹಿಂಜ್‌ಗಳನ್ನು ಎಳೆದು ನೋಡಿ, ರೆಕ್ಕೆಯ ಬುಡದಲ್ಲಿ ಬಟ್ಟೆ ಸುಕ್ಕಾಗಿದೆಯಾ ನೋಡಿ. ಸುಕ್ಕು ಕಂಡರೆ ಒಳಗೆ ಮರ ಸರಿದಿದೆ ಅಂತ ಅರ್ಥ. ಅವತ್ತಿಗೆ ವಿಮಾನ ಕಾರಿಗೆ ಹೋಗಲಿ.